ಸಣ್ಣ ಸಪ್ಪಳದ ಪಾಠ

ಬುಧವಾರ ಸಂಜೆ ಮಕ್ಕಳನ್ನು ಮನೆಗೆ ಬಿಡುವಾಗ ಮಡೆಪ್ಪ ಮಾಸ್ತರರು ಒಂದು ಮಾತು ಹೇಳಿದರು. ಆ ಮಾತು ಅವರ ಬಾಯಿಂದ ಬಾರದೆ ಹೋಗಿದ್ದರೆ ಮರುದಿನದ ಗುರುವಾರ ಹುಮನಾಬಾದಿನಲ್ಲಿ ಉಳಿದೆಲ್ಲ ಗುರುವಾರಗಳಂತೆ ತೆಪ್ಪಗೆ ಮೂಡಿ ತೆಪ್ಪಗೆ ಮುಳುಗುತ್ತಿತ್ತು.

“ಇವತ್ತ ಮನಿಯಾಗ ಯಾವುದಾರ ಒಂದು ಸಣ್ಣ ಸಪ್ಪಳ ಕೇಳ್ಕೊಂಡು ಬರ್ರಿ. ಯಾರೂ ಲಕ್ಷ್ಯ ಕೊಡಲಾರದಂಥಾದ್ದು. ನಾಳಿಗಿ ಬಂದು ನನಗ ಹೇಳಬೇಕು.”

ಹದಿನಾಲ್ಕು ಮಕ್ಕಳೂ “ಹೂಂರಿ” ಎಂದು ಕಿರುಚಿ ಓಡಿದವು.

ಮಕ್ಕಳೆಂದರೆ ನಾಲ್ಕು ವರ್ಷ, ಐದು ವರ್ಷದವು. ಇನ್ನೂ ದೊಡ್ಡ ಸಾಲಿಗೆ ಹೋಗುವ ವಯಸ್ಸಲ್ಲ. ಗಂಜಿನಲ್ಲಿ, ಅಂದರೆ ಊರಿನ ಧಾನ್ಯದ ಪೇಟೆಯಲ್ಲಿ, ವ್ಯಾಪಾರ ಮಾಡುತ್ತಿದ್ದ ಕಾಶಿರಾಮ ಸಾವುಕಾರರು ತಮ್ಮ ವಾಡೆಯ ಹೊರಪಡಸಾಲೆಯನ್ನು ಈ ಚಿಕ್ಕ ಮಕ್ಕಳ ವರ್ಗಕ್ಕೆ ಪುಕ್ಕಟೆ ಬಿಟ್ಟುಕೊಟ್ಟಿದ್ದರು. ವರ್ಗ ನಡೆಸಲು ಸರಕಾರದ ಇಜಾಜತ್, ಅಂದರೆ ಪರವಾನಗಿ, ಬೇಕಾಗಿತ್ತು; ಅದನ್ನೂ ಅವರೇ ತಮ್ಮ ಹೆಸರಿನಲ್ಲಿ ತಂದಿದ್ದರು. ಹುಡಗಿ ಎಂಬ ಹಳ್ಳಿಯಿಂದ ಬಂದಿದ್ದ ಮಡೆಪ್ಪ ಮಾಸ್ತರರದು ಅಲ್ಲಿ ಒಂದು ಕರಿಹಲಗೆ, ಎರಡು ಚಾಪೆ ಮತ್ತು ಒಂದು ದನಿ. ಆ ದನಿಯ ವಿಷಯ ಹೇಳಲೇಬೇಕು. ಅರಳೆಯ ಮೇಲೆ ಅರಳೆ ಬಿದ್ದಂತೆ ಮಾತಾಡುವ ಮನುಷ್ಯ ಅವರು. ಅಂಗಡಿಯಲ್ಲಿ ಉಪ್ಪು ಕೇಳಿದರೆ ಸೊಪ್ಪು ಕೊಟ್ಟು ಕಳಿಸುತ್ತಿದ್ದರು. ಅದನ್ನೇ ತೆಗೆದುಕೊಂಡು ಬರುತ್ತಿದ್ದರೇ ಹೊರತು ಇನ್ನೊಮ್ಮೆ ಕೇಳುವ ಧೈರ್ಯ ಅವರಿಗಿರಲಿಲ್ಲ.

ಅಂಥವರು ದೀಪಾವಳಿ ರಜೆಯಲ್ಲಿ ಗುಲ್ಬರ್ಗಾಕ್ಕೆ ಹೋಗಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವುದನ್ನು ಎಂಟು ದಿನ ಕಲಿತು ಬಂದಿದ್ದರು. ಮಕ್ಕಳಿಗೆ ಅಕ್ಷರಕ್ಕಿಂತ ಮುಂಚೆ ಕಿವಿ ತೆರೆಯಬೇಕು, ದೊಡ್ಡ ಸಪ್ಪಳ ಯಾವುದು ಸಣ್ಣ ಸಪ್ಪಳ ಯಾವುದು ತಾವೇ ಹುಡುಕಿಕೊಳ್ಳಬೇಕು ಎಂದು ಅಲ್ಲಿ ಒಬ್ಬ ಶಿಕ್ಷಕಿ ಬಾಯಿಯವರು ಹೇಳಿದ್ದು ಅವರ ಮನಸ್ಸಿಗೆ ನಾಟಿತ್ತು. ಸೋಮವಾರ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಕಲ್ಯಾಣಿ ಊರಿಗೆ ಹೋಗುವ ಬಸ್ಸು ತೋರಿಸಿದರು. ಮಹಾಯುದ್ಧದ ಲಡಾಯಿಯ ಕಾಲ, ಪೆಟ್ರೋಲು ಸಿಗದೆ ಆ ಬಸ್ಸು ಇದ್ದಿಲಿನ ಮೇಲೆ ಓಡುತ್ತಿತ್ತು. ಹೊರಡುವ ಮುಂಚೆ ಅದು ದಮ್ಮಿನ ಮುದುಕನಂತೆ ಕೆಮ್ಮಿ, ಸೀನಿ, ಕೊನೆಗೆ ಢಂ ಎಂದಾಗ ಮಕ್ಕಳು ಕುಣಿದಾಡಿದರು. ಮಂಗಳವಾರ ಪಿಂಜಾರ ಮಹೆಬೂಬನ ಅಂಗಡಿಯ ಮುಂದೆ ನಿಂತು ಹತ್ತಿ ಹಿಂಜುವ ಬಿಲ್ಲಿನ ಟಂಯ್ ಟಂಯ್ ಕೇಳಿದರು. ಬುಧವಾರ ಸಣ್ಣ ಸಪ್ಪಳ. ಜೋಳದ ಕಾಳೊಂದನ್ನು ಹಿತ್ತಾಳೆ ತಾಟಿನ ಮೇಲೆ ಬಿಟ್ಟರು, ಆಮೇಲೆ ಚಾಪೆಯ ಮೇಲೆ ಬಿಟ್ಟರು. ಒಣ ತೊಗರಿಕಾಯಿ ಅಲ್ಲಾಡಿಸಿದರು. ಹದಿನಾಲ್ಕು ಮಕ್ಕಳು ಉಸಿರು ಹಿಡಿದು, ಬಾಯಿ ತೆರೆದು, ಒಂದು ಕಾಳಿಗಾಗಿ ಕಿವಿ ಕೊಟ್ಟು ಕೂತದ್ದು ನೋಡಿ ಮಾಸ್ತರರ ಕಣ್ಣು ತೇವವಾಯಿತು. ಆ ಹುರುಪಿನಲ್ಲಿಯೇ ಮನೆಯ ಸಪ್ಪಳ ತನ್ನಿ ಎಂದುಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಮಕ್ಕಳು ತಂದವು.

ಮಹೆಬೂಬನ ಮಗ ವಜೀರ್ ಮೊದಲು ಎದ್ದ. “ನಮ್ಮ ಕೋಳಿ ಕಾವಿಗಿ ಕೂತದ್ರಿ. ತತ್ತಿ ಕಿವಿಗಿ ಹಿಡದೆ. ಒಳಗ ಮರಿ ಟುಕ್ ಟುಕ್ ಅನ್ನಾಕತ್ತದ.”

ಮಾಸ್ತರರಿಗೆ ಆದ ಆನಂದ ಹೇಳತೀರದು. “ಶಾಬ್ಬಾಸ್ ವಜೀರ್! ತತ್ತಿ ಒಳಗಿಂದು ಸಪ್ಪಳ! ನೋಡ್ರಿ, ಎಷ್ಟ ಸಣ್ಣದು!”

ಪಡಸಾಲೆಯ ಮೆಟ್ಟಿಲ ಮೇಲೆ ಮಕ್ಕಳನ್ನು ಬಿಡಲು ಬಂದ ಹೆಂಗಸರು ನಾಲ್ಕೈದು ಮಂದಿ ಇದ್ದರು. ಅವರಲ್ಲಿ ಧೂಳಮ್ಮನೂ ಒಬ್ಬಳು. ಮೊಮ್ಮಗನನ್ನು ಬಿಡಲು ಬರುವವಳು ಮೊಮ್ಮಗ ಒಳಗೆ ಹೋದ ಮೇಲೂ ಕಂಬಕ್ಕೆ ಒರಗಿ ನಿಲ್ಲುವುದು ಅವಳ ಪದ್ಧತಿ. ಓಣಿಯಲ್ಲಿ ಯಾರ ಮನೆಯ ಪಲ್ಯಕ್ಕೆ ಎಷ್ಟು ಖಾರ ಬಿತ್ತು ಎಂಬುದು ಆ ಮನೆಯವರು ಉಣ್ಣುವ ಮುಂಚೆಯೇ ಅವಳಿಗೆ ಗೊತ್ತಾಗುತ್ತಿತ್ತು.

ಎರಡನೆಯವಳು ಅಮೃತ. ಅವಳ ತಾಯಿ ದ್ರೌಪತಿ ಅಲ್ಲೇ ಮೆಟ್ಟಿಲ ಮೇಲೆ ನಿಂತು, ನಿನ್ನೆಯ ಏಕಾದಶಿಗೆ ತಾನು ಹನಿ ನೀರನ್ನೂ ಮುಟ್ಟದೆ ಇದ್ದದ್ದನ್ನು ಧೂಳಮ್ಮನಿಗೆ ಹೇಳುತ್ತಿದ್ದಳು.

“ನಂದು ಗಡಿಗಿ ಸಪ್ಪಳರಿ,” ಎಂದಳು ಅಮೃತ. “ಮೊದಲ ಮುಚ್ಚಳ ಸರ್ ಅಂತು. ಆಮ್ಯಾಲ ಬೆಲ್ಲ ಕಟುಂ ಅಂತು. ಆಮ್ಯಾಲ ಚಪ್ ಚಪ್ ಚಪ್ ಅಂತು.”

ಮಾಸ್ತರರಿಗೆ ಅಪಾಯದ ವಾಸನೆ ಬಡಿಯಿತು. “ಇಲಿ ಇರಬೇಕವ್ವಾ,” ಎಂದರು ಅವಸರದಿಂದ.

“ಇಲಿ ಅಲ್ರಿ. ಇಲಿಗಿ ಬಳಿ ಇರೂದಿಲ್ಲ. ಬಳಿ ಸಪ್ಪಳಾನೂ ಬಂತು.”

ಮೆಟ್ಟಿಲ ಮೇಲೆ ದ್ರೌಪತಿಯ ಮಾತು ನಡುವೆಯೇ ನಿಂತಿತು. ಧೂಳಮ್ಮ ಅವಳ ಮುಖ ನೋಡಿದಳು, ಅವಳ ಬಳೆ ನೋಡಿದಳು, ಆಮೇಲೆ ಬಹಳ ಮೃದುವಾಗಿ, “ಏನೂ ಆಗೂದಿಲ್ಲ ಬಿಡವ್ವಾ. ಬೆಲ್ಲಕ್ಕೇನು, ಅದೂ ನೀರ ಆಗತದಲ್ಲ” ಎಂದಳು. ದ್ರೌಪತಿ ಸೆರಗು ಮುಖಕ್ಕೆ ಎಳೆದುಕೊಂಡು ಮಗಳನ್ನೂ ಅಲ್ಲೇ ಬಿಟ್ಟು ಓಡಿದಳು.

ಮೂರನೆಯದು ಪೈಲವಾನ ಸಿದ್ದಪ್ಪನ ಮಗಳು ಸಂಗಮ್ಮ. ಸಿದ್ದಪ್ಪ ಬರುವ ಆಯಿತವಾರ ಕಲ್ಯಾಣಿಯ ಪೈಲವಾನನ ಜೊತೆ ಕುಸ್ತಿ ಹಿಡಿಯುವವನಿದ್ದ. ಊರಿಗೆ ಊರೇ ಅವನ ತೋಳು ನೋಡಿ ಎದೆ ಉಬ್ಬಿಸಿಕೊಂಡು ಅಡ್ಡಾಡುತ್ತಿತ್ತು.

“ನಮ್ಮಪ್ಪ ಮೆಲ್ಲಕ ‘ಅಯ್ಯೋ ಯವ್ವಾ’ ಅಂತಾನ್ರಿ,” ಎಂದಳು ಸಂಗಮ್ಮ. “ಕೂಡಾಗ ಒಂದ್ ಸಲ. ಏಳಾಗ ಎರಡ್ ಸಲ. ನಮ್ಮವ್ವ ನಡಕ್ಕ ಎಣ್ಣಿ ತಿಕ್ಕಿದಾಗ ಎಷ್ಟ್ ಸಲ ಅಂದಾ ನನಗ ಎಣಸಾಕ ಬರಲಿಲ್ಲ.”

ಧೂಳಮ್ಮ ಕಂಬ ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಳು.

“ಸಾಕು ಸಾಕು,” ಎಂದರು ಮಾಸ್ತರರು. “ಇವತ್ತಿಗಿ ಸಪ್ಪಳ ಸಾಕು. ಹಾಡು ಹೇಳೂಣು ಬರ್ರಿ.” ಆದರೆ ಅವರ ದನಿ ಮುಂದಿನ ಸಾಲು ದಾಟುವುದರೊಳಗೆ ಹಿಂದಿನ ಸಾಲಿನಿಂದ ಯಶೋದೆ ಎದ್ದಾಗಿತ್ತು. ಎಲ್ಲರೂ ಯಶಿ ಎನ್ನುತ್ತಿದ್ದ ಈ ಹುಡುಗಿ ಕಾಶಿರಾಮ ಸಾವುಕಾರರ ಮೊಮ್ಮಗಳು; ಅಜ್ಜನನ್ನು ಮುತ್ಯಾ, ಅಜ್ಜಿಯನ್ನು ಆಯಿ ಎನ್ನುವವಳು.

“ನನಗೇನೂ ಕೇಳಸಲಿಲ್ರಿ,” ಎಂದಳು ಯಶಿ, ಬೇಸರದಿಂದ. “ಆಯಿ ಅಡಗಿ ಮನ್ಯಾಗ ಉಂಡಿ ಡಬ್ಬಿ ಮುಚ್ಚಳ ತೆಗದಳಂತ. ನಾ ಮುತ್ಯಾನ ಬಾಜೂಕ ಕೂತಿದ್ದೆ, ನನಗ ಕೇಳಸಲಿಲ್ಲ. ಮುತ್ಯಾಗ ಕೇಳಸ್ತು. ‘ಡಬ್ಬಿ ತೆಗದಳ ನೋಡು’ ಅಂತ ಎದ್ದು ಹೋಗಿ ಕೈ ಚಾಚಿದ. ಸಣ್ಣ ಸಪ್ಪಳ ಅವಗ ಭಾಳ ಛಲೋ ಕೇಳಸ್ತದ್ರಿ.”

ಪಡಸಾಲೆಯಲ್ಲಿ ಜೋಳದ ಕಾಳು ಬಿದ್ದರೂ ಕೇಳುವಂತಾಯಿತು.

ಯಾಕೆಂದರೆ ಕಾಶಿರಾಮ ಸಾವುಕಾರರು ಕಿವುಡರು. ಮೂರು ವರ್ಷದ ಹಿಂದೆ ಹೈದರಾಬಾದಿಗೆ ಹೋಗಿ ಬಂದವರಿಗೆ ನೆಗಡಿಯಾಗಿ ಕಿವಿ ಕಟ್ಟಿತ್ತು. ಆವತ್ತಿನಿಂದ ಎರಡು ಕಿವಿಯೂ ಹೋದವು. ಗಂಜಿನಲ್ಲಿ ಜನ ಅವರ ಜೊತೆ ಕೈಸನ್ನೆಯಲ್ಲಿ ವ್ಯವಹಾರ ಮಾಡುತ್ತಿದ್ದರು. ಬೇಡದ ನೆಂಟರು ಬಂದು ಗಂಟಲು ಹರಿಯುವ ತನಕ ಕೂಗಿ ಸೋತು ಎದ್ದು ಹೋಗುತ್ತಿದ್ದರು. ಅವರ ಹೆಂಡತಿ ಜಿಜಾಬಾಯಿಯಂತೂ ಮೂರು ವರ್ಷದಿಂದ ಗಂಡನ ಜೊತೆ ಒಂದು ಮಾತೂ ಮೆಲ್ಲನೆ ಆಡಿದವಳಲ್ಲ. ಬೆಳಿಗ್ಗೆ ವಾಡೆಯಲ್ಲಿ ಅವಳು ಸುರು ಮಾಡಿದರೆ ಅದು ಬಸ್ಸು ನಿಲ್ಲುವ ಜಾಗದ ತನಕ ಕೇಳುತ್ತಿತ್ತು. “ಪಾಪ, ಕಿವುಡ ಗಂಡನ ಕಟ್ಕೊಂಡು ಆ ಹೆಣ್ಣುಮಗಳು ಎಷ್ಟ್ ಒದರಬೇಕು” ಎಂದು ಊರು ಮರುಗುತ್ತಿತ್ತು.

ಧೂಳಮ್ಮ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮೆಟ್ಟಲಿಲ್ಲ. ಬರಿಗಾಲಿನಲ್ಲೇ ಹೊರಟಳು. ಹತ್ತು ಗಂಟೆಗೆ ಸುದ್ದಿ ಬಾವಿಯ ಕಟ್ಟೆಗೆ ಮುಟ್ಟಿತ್ತು. ಹನ್ನೊಂದಕ್ಕೆ ಗಂಜಿನಲ್ಲಿತ್ತು. ಹನ್ನೆರಡರ ಬಸ್ಸು ಅದನ್ನು ಹತ್ತಿಸಿಕೊಂಡು ಕೆಮ್ಮುತ್ತಾ ಕಲ್ಯಾಣಿಯ ದಾರಿ ಹಿಡಿಯಿತು.

ಮೊದಲು ಬಂದವನು ಸಿದ್ದಪ್ಪ. ಪಡಸಾಲೆಯ ಬಾಗಿಲು ತುಂಬ ನಿಂತು ಗುಡುಗಿದ.

“ಏನ್ರಿ ಮಾಸ್ತರ! ಸಾಲಿ ಕಲಸಾಕತ್ತೀರೋ, ಮನಿ ಮನಿ ಒಳಗಿನ ಮಾತು ಹೊರಗ ಹಾಕಾಕತ್ತೀರೋ? ಊರ ಅಗಸಿ ಬಾಗಲಾಗ ನಾಕು ಮಂದಿ ನನ್ನ ನಡಾ ಮುಟ್ಟಿ ನೋಡಿದ್ರು! ನನ್ನ ಇಜ್ಜತ್ ಏನಾಗಬೇಕು? ನಿಮ್ಮನ್ನ ಇವತ್ತ...” ಎಂದು ಬಲಗೈ ಎತ್ತಿದ.

ಎತ್ತಿದ ಕೈ ಅಲ್ಲೇ ನಿಂತಿತು. ಮುಖ ಬೆಳ್ಳಗಾಯಿತು.

“ಹೊಡೀರಿ,” ಎಂದರು ಮಾಸ್ತರರು, ಕಣ್ಣು ಮುಚ್ಚಿಕೊಂಡು.

“ಹ್ಯಾಂಗ ಹೊಡೀಲಿ?” ಎಂದ ಸಿದ್ದಪ್ಪ, ಹಲ್ಲು ಕಚ್ಚಿಕೊಂಡು. “ನಡಾ ಹಿಡದುಬಿಡ್ತು. ಹಿಡೀರಿ, ನನ್ನ ಮೆಲ್ಲಕ ಕೂಡಸ್ರಿ. ಅಯ್ಯೋ ಯವ್ವಾ!”

“ಅದ ನೋಡ್ರಿ, ಅದ ಸಪ್ಪಳ!” ಎಂದಳು ಸಂಗಮ್ಮ, ಚಪ್ಪಾಳೆ ತಟ್ಟಿ.

ಮಾಸ್ತರರು ಅವನ ಕಂಕುಳಿಗೆ ಕೈ ಕೊಟ್ಟು ಗೋಡೆಗೆ ಒರಗಿಸಿ ಕೂಡಿಸಿದರು. ಎದ್ದು ಹೋಗಲು ಬಾರದ್ದರಿಂದ ಪೈಲವಾನ ಆವತ್ತು ಸಂಜೆಯ ತನಕ ಆ ವರ್ಗದ ಹದಿನೈದನೆಯ ವಿದ್ಯಾರ್ಥಿಯಾಗಿ ಉಳಿದ.

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಸಾವುಕಾರರು ಮಾಸ್ತರರನ್ನು ಜೋಳದ ಚೀಲಗಳ ಕೋಣೆಗೆ ಕರೆದೊಯ್ದರು. ಬಾಗಿಲು ಹಾಕಿದರು. ಚಿಲಕ ಹಾಕಿದರು. ಚೀಲಗಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ಬಗ್ಗಿ ನೋಡಿದರು. ಆಮೇಲೆ ಮಾತಾಡಿದರು. ಮೆಲ್ಲಗೆ. ಮಡೆಪ್ಪ ಮಾಸ್ತರರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಸಾವುಕಾರರ ಕೂಗದ ದನಿಯನ್ನು ಅವರು ಕೇಳಿದ್ದು ಅದೇ ಮೊದಲು.

“ಕೊಂದುಬಿಟ್ರಿ ಮಾಸ್ತರ.”

“ಹಂಗಾರ ನಿಮಗ... ಖರೇನ...”

“ಕೇಳಸ್ತದ. ಎಲ್ಲಾ ಕೇಳಸ್ತದ. ಎಂಟು ದಿನಕ್ಕ ಕಿವಿ ಬಿಟ್ಟಿತ್ತು. ಆದ್ರ ಆ ಎಂಟು ದಿನ ಮನಿಯಾಗ ಎಷ್ಟು ಆರಾಮ ಇತ್ತು ಅಂತೀರಿ! ಜಿಜಾಬಾಯಿ ಏನಂದ್ರೂ ನಾ ಉತ್ತರ ಕೊಡಬೇಕಾಗಿರಲಿಲ್ಲ. ಮತ್ತ ಯಾಕ ಕಿವಿ ಬಂತು ಅಂತ ಹೇಳಲಿ?” ಸಾವುಕಾರರು ಮಾಸ್ತರರ ಅಂಗಿ ಹಿಡಿದರು. “ಈಗ ನೀವೇ ದಾರಿ ತೆಗೀಬೇಕು. ಸಂಜಿಮುಂದ ಎಲ್ಲಾರ ಮುಂದ ನನ್ನ ಪರೀಕ್ಷಾ ಮಾಡ್ರಿ. ನಾ ಕಿವುಡ ಅಂತ ಸಾಬೀತ ಆಗಬೇಕು.”

“ಹಂಗ ಮಾಡಿದ್ರ ಯಶಿ ಸುಳ್ಳು ಹೇಳಿದಂಗ ಆಗತದಲ್ರಿ. ಆ ಕೂಸು ಖರೇ ಹೇಳ್ಯಾದ.”

“ಐದು ವರ್ಷದ್ದು ಅದು, ನಾಳಿಗಿ ಮರೀತದ. ಜಿಜಾಬಾಯಿ ಸಾಯೂತನಾ ಮರಿಯಂಗಿಲ್ಲ. ಆಗೂದಿಲ್ಲ ಅಂದ್ರ ಹೇಳ್ರಿ, ನಾಳಿಂದ ಪಡಸಾಲ್ಯಾಗ ಚೀಲ ಇಡಸ್ತೇನಿ.”

ಮಾಸ್ತರರು ಜೋಳದ ಚೀಲಗಳನ್ನು ನೋಡಿದರು. ಹದಿನಾಲ್ಕು ಮಕ್ಕಳಿಗೆ ಊರಲ್ಲಿ ಬೇರೆ ಜಾಗವಿಲ್ಲ. ಹುಡಗಿ ಹಳ್ಳಿಗೆ ಹಿಂತಿರುಗಿದರೆ ತಮಗೆ ಅಣ್ಣನ ಎಮ್ಮೆ ಕಾಯುವ ಕೆಲಸವೊಂದು ಬಿಟ್ಟು ಬೇರೆಯಿಲ್ಲ. ಆ ಎಮ್ಮೆಗಳೂ ತಮ್ಮ ದನಿಗೆ ತಿರುಗುವವಲ್ಲ. ಅವರು ಹೂಂ ಎಂದು ತಲೆಯಾಡಿಸಿದರು. ಮಕ್ಕಳಿಗೆ ಕೇಳಿಸಿಕೊಳ್ಳುವುದನ್ನು ಕಲಿಸಲು ಹೊರಟವರು, ಕೇಳಿದ್ದು ಕೇಳಿಸಿಯೇ ಇಲ್ಲ ಎಂದು ಕಲಿಸಬೇಕಾಗಿತ್ತು.

ನಾಲ್ಕು ಗಂಟೆಗೆ ವಾಡೆಯ ಅಂಗಳ ತುಂಬಿತು. ಸಾವುಕಾರರು ಜನರಿಗೆ ಬೆನ್ನು ಮಾಡಿ ಕುರ್ಚಿಯ ಮೇಲೆ ಕೂತರು. ಅವರ ರೆಪ್ಪೆ ಅಲ್ಲಾಡುವುದನ್ನು ನೋಡುವ ಕೆಲಸವನ್ನು ಯಾರೂ ಕೊಡದಿದ್ದರೂ ಧೂಳಮ್ಮ ವಹಿಸಿಕೊಂಡು, ಒಂದು ಮಣೆ ಹಾಕಿಕೊಂಡು ಅವರ ಮುಖದ ಎದುರಿಗೆ ಕೂತಳು. ಜಿಜಾಬಾಯಿ ಹೊಸ್ತಿಲ ಮೇಲೆ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು.

“ಯಾಕ ಬೇಕ್ರಿ ಇದೆಲ್ಲಾ?” ಎಂದಳು ಅವಳು. “ಹುಡುಗು ಏನೋ ಅಂದದ, ಬಿಟ್ಟ್ ಹೋಗ್ರಿ.”

“ಅಯ್ಯ ನಮ್ಮವ್ವಾ!” ಎಂದಳು ಧೂಳಮ್ಮ. “ಮೂರು ವರ್ಷ ನಿನ್ನ ಗಂಟಲಾ ಹರಕೊಂಡೀದಿ. ಖರೆ ಏನು ಸುಳ್ಳೇನು ತಿಳೀಲಿ. ನಾವು ಇದ್ದೇವಿ, ನೀ ಅಂಜಬ್ಯಾಡ.”

ಜಿಜಾಬಾಯಿ ಬೇಳೆಯೊಳಗಿನ ಹರಳೊಂದನ್ನು ತೆಗೆದು ಅಂಗಳಕ್ಕೆ ಎಸೆದಳು. ಅದು ಧೂಳಮ್ಮನ ಕಡೆಗೇ ಬಂದದ್ದು ಆಕಸ್ಮಿಕವಿರಬೇಕು.

ಪರೀಕ್ಷೆ ಸುರುವಾಯಿತು. ಮೊದಲು ದೊಡ್ಡ ಸಪ್ಪಳ. ವಜೀರ್ ಚರ್ಮದ ಹಲಗೆ ಬಾರಿಸಿದ. ನಾಲ್ಕು ಮಕ್ಕಳು ತಾಟು ಬಡಿದರು. ಆಮೇಲೆ ಹದಿನಾಲ್ಕೂ ಒಟ್ಟಿಗೆ ಸಾವುಕಾರರ ಕುರ್ಚಿಯ ಹಿಂದೆ ನಿಂತು ಚೀರಿದವು. ಪಕ್ಕದ ಮನೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಸಾವುಕಾರರು ಒಕ್ಕಲು ಮುಗಿದ ಹೊಲದಲ್ಲಿ ನಿಂತ ಬೆದರುಗೊಂಬೆಯಂತೆ ಕೂತಿದ್ದರು.

ಆಮೇಲೆ ಸಣ್ಣ ಸಪ್ಪಳ. ಮಾಸ್ತರರು ತಾಟಿನ ಮೇಲೆ ಕಾಳು ಬಿಟ್ಟರು. ಕಾಗದ ಹರಿದರು. ತೊಗರಿಕಾಯಿ ಅಲ್ಲಾಡಿಸಿದರು. ಏನೂ ಇಲ್ಲ. ಆಗ ಯಾರೋ ಉಂಡಿಯ ಡಬ್ಬಿಯನ್ನೇ ತಂದರು. ಯಶಿ ಅದರ ಮುಚ್ಚಳವನ್ನು ಮೆಲ್ಲಗೆ, ಬಹಳ ಮೆಲ್ಲಗೆ ತೆಗೆದಳು.

“ಗಂಟಲಾ ಅಲ್ಲಾಡ್ತು!” ಎಂದು ಕೂಗಿದಳು ಧೂಳಮ್ಮ.

“ಉಗುಳು ನುಂಗೂದು ಕಿವೀಲೆ ಅಲ್ರಿ,” ಎಂದರು ಮಾಸ್ತರರು. ಅದನ್ನು ಅವರು ಎರಡು ಸಲ ಹೇಳಬೇಕಾಯಿತು. ಮೊದಲನೆಯದು ಯಾರಿಗೂ ಕೇಳಿಸಲಿಲ್ಲ.

ಧೂಳಮ್ಮ ಎದ್ದಳು. ಮೆಲ್ಲಗೆ ನಡೆದು ಸಾವುಕಾರರ ಬೆನ್ನ ಹಿಂದೆ ಬಂದು ನಿಂತು, ಇದ್ದಕ್ಕಿದ್ದಂತೆ, “ಚೇಳು! ಚೇಳು! ಕುರ್ಚಿ ಕೆಳಗ ಚೇಳು!” ಎಂದು ಚೀರಿದಳು.

ಅಂಗಳವೆಲ್ಲ ಎದ್ದು ಹಾರಿತು. ಹೆಂಗಸರು ಕಟ್ಟೆ ಏರಿದರು. ನಾಲ್ವರು ಎತ್ತಿ ತಂದು ಅಂಗಳದ ಗೋಡೆಗೆ ಒರಗಿಸಿದ್ದ ಸಿದ್ದಪ್ಪ ಪೈಲವಾನ ಎರಡು ಮೊಳ ಮೇಲಕ್ಕೆ ಜಿಗಿದ. ಅವನ ನಡದಲ್ಲಿ ಲಟಕ್ ಎಂದ ಸಪ್ಪಳ ಹೊಸ್ತಿಲ ತನಕ ಕೇಳಿತು. ಅವನು ನೆಟ್ಟಗೆ ನಿಂತ. ಎಡಕ್ಕೆ ಬಾಗಿದ, ಬಲಕ್ಕೆ ಬಾಗಿದ. “ಬಿಡ್ತು!” ಎಂದ ಬೆರಗಿನಿಂದ. “ನಡಾ ಬಿಡ್ತ್ರಿ!” ಆದರೆ ಅವನ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಕುರ್ಚಿಯ ಮೇಲಿತ್ತು.

ಸಾವುಕಾರರು ಅಲ್ಲಾಡಿರಲಿಲ್ಲ. ಹಣೆಯಿಂದ ಬೆವರಿನ ಹನಿಯೊಂದು ಮೂಗಿನ ತುದಿಗೆ ಇಳಿದು ನೇತಾಡುತ್ತಿತ್ತು, ಅಷ್ಟೇ. ಅಂಗೈ ಎರಡೂ ತೊಡೆಯ ಮೇಲೆ ಇದ್ದಲ್ಲೇ ಇದ್ದವು.

ಧೂಳಮ್ಮನ ಮುಖ ಇಳಿಯಿತು. ನೋಡುವವರಿಗೇ ಪಾಪ ಅನ್ನಿಸುವಷ್ಟು ಇಳಿಯಿತು. “ಖರೇನ ಕಿವುಡ ಇದ್ದಾರ,” ಎಂದಳು. “ಚೇಳಿಗಿ ಏಳಲಾರದ ಮನಷಾ ಉಂಡಿ ಡಬ್ಬಿಗಿ ಎದ್ದ ಅಂದ್ರ ಹ್ಯಾಂಗ ನಂಬೂದು?”

“ಹೌದಲ್ಲ ಮತ್ತ,” ಎಂದರು ಜನ. “ಹುಡುಗೀನೇ ತಪ್ಪು ತಿಳದದ.”

ಯಶಿ ಡಬ್ಬಿ ಎದೆಗೆ ಅವುಚಿಕೊಂಡು ಮಾಸ್ತರರ ಮುಖ ನೋಡಿದಳು. “ನಾ ಖರೇ ಹೇಳೀನ್ರಿ,” ಎಂದಳು. “ಮುತ್ಯಾಗ ಕೇಳಸ್ತದ್ರಿ.”

ಮಾಸ್ತರರು ತಲೆ ತಗ್ಗಿಸಿದರು. ವರ್ಗ ಉಳಿಯಿತು, ಆದರೆ ಹುಡುಗಿಯ ಮುಖ ನೋಡಲಾಗುತ್ತಿರಲಿಲ್ಲ. ಜನ ಎದ್ದು ಸೆರಗು, ಧೋತರ ಕೊಡವಿಕೊಳ್ಳತೊಡಗಿದರು. ಇದು ಬೇಗ ಮುಗಿದು, ಬೇಗ ಎಲ್ಲರೂ ಹೋಗಿ, ಆ ಕೂಸನ್ನು ಒಂದು ಕಡೆ ಕರೆದು ಸಮಾಧಾನ ಮಾಡಿದರೆ ಸಾಕಾಗಿತ್ತು ಅವರಿಗೆ. ಕುರ್ಚಿಯಿಂದ ಮೂರು ಮಾರು ದೂರದಲ್ಲಿ ನಿಂತವರು, ಇಡೀ ದಿನದ ದಣಿವೆಲ್ಲ ಕೂಡಿದ ತಮ್ಮ ಅರಳೆಯಂಥ ದನಿಯಲ್ಲಿ, ಯಾವ ಎಚ್ಚರವೂ ಇಲ್ಲದೆ, “ಮುಗೀತ್ರಿ ಸಾವ್ಕಾರ್ರ, ಇನ್ನ ಏಳ್ರಿ,” ಎಂದರು.

“ಮುಗೀತೇನು?” ಎನ್ನುತ್ತ ಸಾವುಕಾರರು ಎದ್ದರು. “ಯಪ್ಪಾ, ಕಾಲು ಜೋಮ ಹಿಡದ್ವು!”

ಮಾಸ್ತರರ ಪಕ್ಕದಲ್ಲೇ ನಿಂತಿದ್ದ ವಜೀರನಿಗೂ ಅವರ ಆ ಮಾತು ಸರಿಯಾಗಿ ಕೇಳಿಸಿರಲಿಲ್ಲ.

ಮೊದಲು ಕೇಳಿದ್ದು ಯಶಿಯ ಚಪ್ಪಾಳೆ. “ಕೇಳಸ್ತು! ಮುತ್ಯಾಗ ಕೇಳಸ್ತು! ಮಾಸ್ತರ್ದು ಎಲ್ಲಾಕಿಂತ ಸಣ್ಣ ಸಪ್ಪಳ!” ಉಳಿದ ಹದಿಮೂರು ಮಕ್ಕಳೂ ಕುಣಿಯತೊಡಗಿದವು. ಅಂಗಳ ನಗೆಯಿಂದ ಒಡೆಯಿತು. ಸಿದ್ದಪ್ಪ ನಡ ಹಿಡಿದುಕೊಂಡು ನಕ್ಕ, ನೋವಿಲ್ಲದೆ. ಧೂಳಮ್ಮನಿಗಂತೂ ಕಳೆದುಹೋದ ಮಗ ತಿರುಗಿ ಬಂದಷ್ಟು ಸಂತೋಷವಾಯಿತು. ಸಾವುಕಾರರು ಒಂದು ಕೈ ಕಿವಿಗೆ ಆನಿಸಿ, “ಏನಂದ್ರಿ? ಏನಂದ್ರಿ?” ಎಂದು ನೋಡಿದರು. ಕಾಲ ಮಿಂಚಿತ್ತು. ಧೋತರ ಎತ್ತಿಕೊಂಡು ಒಳಗೆ ನಡೆದರು.

ಧೂಳಮ್ಮ ಹೊಸ್ತಿಲಿಗೆ ಓಡಿ ಜಿಜಾಬಾಯಿಯ ಕೈ ಹಿಡಿದುಕೊಂಡಳು. “ಮೂರು ವರ್ಷ ಮೋಸ ಮಾಡ್ಯಾನಲ್ಲವ್ವಾ! ಅಳು, ಅತ್ತುಬಿಡು. ಮನಸು ಹಗುರ ಆಗತದ.”

ಜಿಜಾಬಾಯಿ ಅಳಲಿಲ್ಲ. ಮೊರ ಕೆಳಗಿಟ್ಟು ಎದ್ದಳು. “ಎಲ್ಲಾರೂ ನಿಮ್ಮ ನಿಮ್ಮ ಮನಿಗಿ ಹೋಗ್ರಿ,” ಎಂದಳು. ಎಂದೂ ಇಲ್ಲದಷ್ಟು ಮೆಲ್ಲಗೆ ಅಂದದ್ದರಿಂದ ಎಲ್ಲರಿಗೂ ಹೆದರಿಕೆಯಾಗಿ ಅಂಗಳ ಒಂದೇ ಗಳಿಗೆಯಲ್ಲಿ ಬರಿದಾಯಿತು. ಮಕ್ಕಳೂ ಹೋದವು. “ಮಾಸ್ತರ, ನೀವು ನಿಲ್ರಿ.”

ಮಡೆಪ್ಪ ಮಾಸ್ತರರು ನಿಂತರು. ಸಾವುಕಾರರ ಸಿಟ್ಟು ಗ್ಯಾರಂಟಿ. ಆದರೆ ಈ ತಾಯಿಯ ಕಡೆಗೆ ಒಂದು ಆಸೆಯಿತ್ತು. ಮೂರು ವರ್ಷದ ಮೋಸ ಹೊರಗೆ ಬಿದ್ದದ್ದು ತಮ್ಮ ವರ್ಗದಿಂದ. ಅದನ್ನು ನೆನೆದು ಗಂಡನಿಗೆ ಅವಳೇ ಬುದ್ಧಿ ಹೇಳಿಯಾಳು, ಪಡಸಾಲೆ ಉಳಿದೀತು.

“ಅವ್ವಾರ, ತಪ್ಪಾತ್ರಿ,” ಎಂದರು. “ಆದ್ರೂ ಒಂದ್ ಥರಾ ಛಲೋನೇ ಆತು. ಇನ್ನ ಮ್ಯಾಲ ನೀವು ಒದರೂದು ಬ್ಯಾಡ. ಮೆಲ್ಲಕ ಮಾತಾಡಿದ್ರೂ ಅವರಿಗಿ ಕೇಳಸ್ತದ.”

“ಅದು ನನಗ ಮೂರು ವರ್ಷದಿಂದ ಗೊತ್ತದ.”

ಮಾಸ್ತರರು ಬಾಯಿ ತೆರೆದರು. ಅದರಿಂದ ಯಾವ ಸಪ್ಪಳವೂ ಬರಲಿಲ್ಲ.

“ಒಂಬತ್ತನೇ ದಿನಾನೇ ಗೊತ್ತಾತು,” ಎಂದಳು ಜಿಜಾಬಾಯಿ. “ಬೆಕ್ಕು ಹಾಲಿಗಿ ಬಾಯಿ ಹಾಕಿದ್ರ ಒಳಗ ಮಲಗಿದವರು ಎದ್ದು ಬಂದು ಓಡಿಸಿದ್ರು. ಆದ್ರ ನಾ ಯಾಕ ಅನ್ನಲಿ? ಲಗ್ನ ಆಗಿ ಇಪ್ಪತ್ತೇಳು ವರ್ಷ ಆತು ಮಾಸ್ತರ. ನಾ ಒಂದು ಮಾತು ಅಂದ್ರ ಅವರು ನಾಕು ಅಂತಿದ್ರು. ಈ ಮೂರು ವರ್ಷದಾಗ ಅವರ ತಾಯಿ ನನಗ ಏನೇನ್ ಅಂದಿದ್ಳು, ಅವರ ತಂಗಿ ನನ್ನ ಸೀರಿ ಹ್ಯಾಂಗ ಒಯ್ದಳು, ಅವರು ನನ್ನ ತವರಿಗಿ ಕಳಸಲಾರದ್ದು, ಎಲ್ಲಾ, ಎಲ್ಲಾ ಅವರ ಮಾರಿ ಮುಂದ ನಿಂತು ಬಾಯಿ ತುಂಬ ಅಂದೇನಿ. ಅವರಿಗಿ ಪೂರಾ ಕೇಳತಿತ್ತು. ಒಂದು ಮಾತಿಗೂ ಉತ್ತರ ಕೊಡಾಕ ಬರತಿರಲಿಲ್ಲ. ಅಂಥಾ ಸುಖಾ ಯಾವ ಹೆಣ್ಣುಮಗಳಿಗಿ ಸಿಗತದ, ನೀವೇ ಹೇಳ್ರಿ?”

ಜಿಜಾಬಾಯಿ ಮೊರದಿಂದ ಸಿಡಿದ ಬೇಳೆಯನ್ನು ಕಾಲಿನಿಂದ ಸರಿಸಿದಳು.

“ನಿನ್ನಿ ಮಧ್ಯಾನ ಅವರಣ್ಣನ ಲಗ್ನದ ಸುದ್ದಿ ಸುರು ಮಾಡಿದ್ದೆ. ಇನ್ನಾ ಅರ್ಧಾನೂ ಆಗಿಲ್ಲ.” ಅವಳ ಕಣ್ಣಲ್ಲಿ ಈಗ ನಿಜವಾಗಿ ನೀರು ಬಂತು. “ನಿಮ್ಮ ಕಾಳು ತಾಟು ಯಾರ ಕೇಳಿದ್ರು ಮಾಸ್ತರ? ನಾಳಿಂದ ನಿಮ್ಮ ಸಾಲಿ ನಮ್ಮ ಪಡಸಾಲ್ಯಾಗ ಬ್ಯಾಡ.”

“ನಾಳಿಂದ ಯಾಕ? ಇವತ್ತಿಂದೇ ಬ್ಯಾಡ!” ಎಂದು ಒಳಗಿನಿಂದ ಸಾವುಕಾರರ ದನಿ ಬಂತು.

ಜಿಜಾಬಾಯಿ ಬೆಂಕಿ ತಗುಲಿದಂತೆ ಅತ್ತ ತಿರುಗಿದಳು. “ನೋಡಿದ್ರೇನು?” ಎಂದಳು ಮಾಸ್ತರರಿಗೆ. “ಸುರು ಆತು! ಉತ್ತರ ಕೊಡಾಕತ್ತಾರ!”

“ಕೊಡತೇನಿ! ಮೂರು ವರ್ಷದ್ದು ಎಲ್ಲಾ ಕೊಡತೇನಿ! ಮೊದಲ ಆ ಸೀರಿ ಸುದ್ದಿ. ಆ ಸೀರಿ ನೀನೇ ಅಕಿಗಿ ಉಡಸಿ ಕಳಿಸಿದ್ದಿ...”

“ನಾನಾ? ನಾ ಕಳಸಿದ್ನ್ಯಾ?” ಜಿಜಾಬಾಯಿ ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ನುಗ್ಗಿದಳು.

ಮಡೆಪ್ಪ ಮಾಸ್ತರರು ಪಡಸಾಲೆಗೆ ಬಂದು ಎರಡು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ಕರಿಹಲಗೆಯನ್ನು ತಲೆಯ ಮೇಲೆ ಹೊತ್ತರು. ಬೀದಿಗೆ ಇಳಿಯುವಾಗ ವಾಡೆಯೊಳಗೆ ಎರಡು ದನಿಗಳು ಒಂದರ ಮೇಲೊಂದು ಏರುತ್ತಿದ್ದವು. “ಹೋಗಿ ಬರ್ತೇನ್ರಿ,” ಎಂದರು ಅವರು ಬಾಗಿಲ ಕಡೆ ತಿರುಗಿ. ಈ ಸಲ ಅದು ಸಾವುಕಾರರಿಗೂ ಕೇಳಿಸಲಿಲ್ಲ.